ಹೊಂಬಾಳಮ್ಮನ ಬೋರಲು ಬಟ್ಟಲು

ಒಂದಾನೊಂದು ಊರು. ಊರಿಗೊಂದು ಹುಣಸೆಮರ, ಮರಕ್ಕೊಂದು ದೆವ್ವ, ಸುತ್ತ ಹಳ್ಳಿಗೆಲ್ಲ ಒಬ್ಬರೇ ಪಂಡಿತರು. ಊರಿನ ಹೆಸರು ಕೇಳಬೇಡಿ, ನನಗೆ ಈ ಕಥೆ ಹೇಳಿದ ನಮ್ಮ ದೊಡ್ಡತ್ತೆಗೂ ಗೊತ್ತಿರಲಿಲ್ಲ. ದೆವ್ವದ ಹೆಸರು ಮಾತ್ರ ಗೊತ್ತಿತ್ತು, ಗುಳ್ಳಪ್ಪ ಅಂತ.

ಪಂಡಿತರು ಅಂದರೆ ಶಂಭುಲಿಂಗ ಪಂಡಿತರು. ಬಲು ಒಳ್ಳೆಯವರಂತೆ. ಮಂಡಿನೋವಿದ್ದರೂ ತಾವೇ ಗುಡ್ಡ ಹತ್ತಿ ಬೇರು ಕಿತ್ತು ತರೋರು, ತಾವೇ ಅರೆದು ಕಷಾಯ ಕಾಯಿಸೋರು, ಸಂಜೆಗೆ ಮನೆಮನೆಗೂ ಕೊಟ್ಟು ಬರೋರು. ಆ ಊರಲ್ಲೊಂದು ಪದ್ಧತಿ ಇತ್ತು. ಮದ್ದು ಕುಡಿದವರು ಬೆಳಿಗ್ಗೆ ಎದ್ದು ಬಟ್ಟಲನ್ನು ಮನೆಮುಂದಿನ ಜಗಲಿಯ ಮೇಲೆ ಬೋರಲು ಹಾಕಬೇಕು. ಪಂಡಿತರು ಕುಂಟುತ್ತಾ ಬೀದಿಯಲ್ಲಿ ಹೋಗುವಾಗ ಬೋರಲು ಬಟ್ಟಲು ಕಂಡರೆ ಸಾಕು, ಹೊಟ್ಟೆ ತುಂಬಿದವರ ಹಾಗೆ ನಗೋರಂತೆ.

ಅದೇ ಬೀದಿಯ ಕೊನೇ ಮನೆಯಲ್ಲಿ ಹೊಂಬಾಳಮ್ಮ ಅನ್ನೋ ಮುದುಕಿ ಇದ್ದಳು. ಅವಳಿಗಿದ್ದದ್ದು ಒಂದು ಎಮ್ಮೆ, ಒಂದು ಕೆಮ್ಮು. ಎಮ್ಮೆ ಹಾಲು ಕೊಡುತ್ತಿತ್ತು, ಕೆಮ್ಮು ರಾತ್ರಿಯಿಡೀ ಎದೆಗೂಡು ಅಲ್ಲಾಡಿಸುತ್ತಿತ್ತು. ಪಂಡಿತರು ನಾಡಿ ಹಿಡಿದು ನೋಡಿ ಒಂದು ಕಷಾಯ ಕೊಟ್ಟರು. ಮುದುಕಿ ಕುಡಿದಳು. ಕೆಮ್ಮು ಗಪ್‌ಚಿಪ್. ಕೊರಡು ಬಿದ್ದ ಹಾಗೆ ನಿದ್ದೆ. ಕಣ್ಣು ಬಿಟ್ಟಾಗ ಬಿಸಿಲು ಹಜಾರಕ್ಕೆ ಬಂದಿತ್ತು. ಬಟ್ಟಲು ಬೋರಲು ಹಾಕಿದಳು, ಪಂಡಿತರು ನಕ್ಕು ಹೋದರು. ಅವರು ಅತ್ತ ಹೋಗುತ್ತಲೇ ಹೊಂಬಾಳಮ್ಮ ಇತ್ತ ಕೂತು ಗಳಗಳ ಅತ್ತಳಂತೆ.

ಯಾಕೆ ಅಂದರೆ, ಅವಳ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಅಂದಿನಿಂದ ದಿನಾ ಕೋಳಿ ಕೂಗೋ ಹೊತ್ತಿಗೆ ಅವನು ಕನಸಿನಲ್ಲಿ ಬರುತ್ತಿದ್ದ. ಕೊಟ್ಟಿಗೆ ಬಾಗಿಲಲ್ಲಿ ಕೂತು ರುಮಾಲು ಬಿಚ್ಚಿ, 'ಎಮ್ಮೆ ಕರ ಹಾಕ್ತೇನಮ್ಮಿ?' ಅಂತ ಕೇಳುತ್ತಿದ್ದ. ದಿನಾ ಅದೇ ಮಾತು. ಇವಳು ಉತ್ತರ ಕೊಡೋಣ ಅಂತ ಬಾಯಿ ತೆರೆದರೆ ಕೆಮ್ಮು ಬಂದು ಎಚ್ಚರವಾಗುತ್ತಿತ್ತು. ಗಂಡ ಹೋಗಿಬಿಡುತ್ತಿದ್ದ. ಹೋದರೆ ಹೋಗಲಿ, ನಾಳೆ ಬರ್ತಾರಲ್ಲ ಅನ್ನೋ ಧೈರ್ಯ ಅವಳಿಗೆ. ಕಷಾಯ ಕುಡಿದ ದಿನ ಅವನು ಬರಲಿಲ್ಲ. ಮೂರು ದಿನ ಕುಡಿದಳು, ಮೂರು ದಿನವೂ ಬರಲಿಲ್ಲ. ಬಾಗಿಲಲ್ಲಿ ಕಾದು ಕಾದು, ಇವಳು ನನ್ನ ಮರೆತಳು ಅಂತ ಹೊರಟುಹೋದರೆ ಏನು ಗತಿ?

ಪಂಡಿತರಿಗೆ ಹೇಳಬಹುದಿತ್ತಲ್ಲ ಅಂತೀರಿ. ವೈದ್ಯರ ಮುಂದೆ ಮುಚ್ಚಿಡಬಾರದು ಅಂತ ದೊಡ್ಡವರು ಹೇಳ್ತಾರೆ, ಮುಚ್ಚಿಡೋರೂ ಆ ದೊಡ್ಡವರೇ. ಗಂಡನ ಹೆಸರನ್ನೇ ಬಾಯಲ್ಲಿ ಹೇಳದವಳು, ತಲೆ ನೆರೆತ ಮೇಲೆ ಗಂಡನ ಕನಸು ಬೇಕು ಅಂತ ಹೇಗೆ ಹೇಳಿಯಾಳು? ಮಂಡಿ ನೋಯಿಸಿಕೊಂಡು ಬೇರು ತಂದ ಮನುಷ್ಯನಿಗೆ 'ನಿಮ್ಮ ಮದ್ದು ಬೇಡ' ಅನ್ನೋದಕ್ಕೂ ಮನಸ್ಸು ಬರಲಿಲ್ಲ. ಊರಿನ ಆ ಹುಣಸೆಮರ ಇದ್ದದ್ದು ಅವಳ ಹಿತ್ತಲಲ್ಲೇ, ಅದರ ಬುಡಕ್ಕೆ ಕಷಾಯ ಸುರಿದಳು. ಬಟ್ಟಲನ್ನು ಜಗಲಿಯ ಮೇಲೆ ಬೋರಲು ಹಾಕಿದಳು.

"ಕುಡಿದೇನವ್ವಾ?" ಅಂತ ಪಂಡಿತರು ಕೇಳಿದರು.

"ಕುಡಿದೆ ಸ್ವಾಮಿ."

"ಕೆಮ್ಮು?"

"ಅದು ಹಂಗೇ ಐತೆ ಸ್ವಾಮಿ."

ಪಂಡಿತರು ಮತ್ತೆ ಗುಡ್ಡ ಹತ್ತಿದರು, ಇನ್ನೂ ದಪ್ಪ ಬೇರು ತಂದರು, ಇನ್ನೂ ಕಪ್ಪು ಕಷಾಯ ಕಾಯಿಸಿದರು. ಅದೂ ಮರದ ಬುಡಕ್ಕೆ ಹೋಯಿತು, ಬಟ್ಟಲು ಬೋರಲಾಯಿತು. ಕುಡಿದೇನವ್ವಾ? ಕುಡಿದೆ ಸ್ವಾಮಿ. ಕೆಮ್ಮು? ಹಂಗೇ ಐತೆ ಸ್ವಾಮಿ. ಮತ್ತೆ ಗುಡ್ಡ, ಮತ್ತೆ ಬೇರು. ಅಷ್ಟರಲ್ಲಿ ಮುದುಕಿ ಕೆಮ್ಮಿ ಕೆಮ್ಮಿ ಕಡ್ಡಿಯಾದಳು. ಪಂಡಿತರೂ ಸೊರಗಿದರು. ತಮ್ಮ ಕೈಗುಣ ಹೋಯಿತು ಅಂತ ಅವರಿಗೆ ಅನ್ನ ಸೇರದಾಯಿತಂತೆ.

ಕಡೆಗೊಂದು ಸಂಜೆ ಅವರು ಕಷಾಯ ಕೊಟ್ಟು, ಜಗಲಿಯಲ್ಲಿ ಕೂತು ಹೇಳಿದರು: "ನಾಳೆ ಬೇರೆ ಮದ್ದು ತರ್ತೀನವ್ವಾ. ಅದರಲ್ಲಿ ಶುದ್ಧಿ ಮಾಡಿದ ವಿಷ ಇರುತ್ತೆ. ಇಷ್ಟು ದಿನದ ಕಷಾಯ ಮೈಯಲ್ಲಿ ಇರೋರಿಗೆ ಅದು ಅಮೃತ, ಇಲ್ಲದೋರಿಗೆ ವಿಷವೇ. ನಾನೇ ಎದುರು ನಿಂತು ಕುಡಿಸ್ತೀನಿ. ಅದೂ ನಾಟದಿದ್ರೆ ಇನ್ಯಾರ ನಾಡೀನೂ ಮುಟ್ಟಲ್ಲ."

ಹೊಂಬಾಳಮ್ಮ ಲೆಕ್ಕ ಹಾಕಿದಳು. ಕುಡಿದರೆ ಪ್ರಾಣ ಹೋಗುತ್ತೆ, ಕುಡಿದಿಲ್ಲ ಅಂದರೆ ಮಾನ ಹೋಗುತ್ತೆ. ಸುಮ್ಮನಿದ್ದರೆ ಹತ್ತೂರಿಗಿದ್ದ ಒಬ್ಬ ಪಂಡಿತರೂ ಹೋಗ್ತಾರೆ. ಅಂದಿನ ಕಷಾಯವನ್ನು ಚೆಲ್ಲಲೂ ಇಲ್ಲ, ಕುಡಿಯಲೂ ಇಲ್ಲ. ಕನಸಂತೂ ಬರಲಿಲ್ಲ, ನಿದ್ದೆ ಬಂದರೆ ತಾನೇ? ಬೆಳಗಾಯಿತು. ಪಂಡಿತರು ವಿಷ ಶುದ್ಧಿ ಮಾಡುತ್ತಾ ಮನೆಯಲ್ಲೇ ಉಳಿದಿದ್ದರು. ಮಧ್ಯಾಹ್ನವಾಯಿತು.

ಮಟಮಟ ಮಧ್ಯಾಹ್ನ ದೆವ್ವಗಳು ತಿರುಗಾಡೋ ಹೊತ್ತು ತಾನೇ? ಹಿತ್ತಲ ಬಾಗಿಲಲ್ಲಿ ಗುಳ್ಳಪ್ಪ ಬಂದು ನಿಂತನಂತೆ. ಕಣ್ಣು ಊದಿತ್ತು, ಆಕಳಿಕೆ ಮೇಲೆ ಆಕಳಿಕೆ. ಹೆದರಿಸೋಕೆ ಬಂದವನು ಬಾಗಿಲಿಗೇ ಒರಗಿ ತೂಕಡಿಸಿದ. ಅವನ ದೂರು ಇಷ್ಟು: ಮರದ ಬುಡಕ್ಕೆ ಮದ್ದು ಬಿದ್ದಾಗಿನಿಂದ ಅವನಿಗೆ ಹೊತ್ತು ಮುಳುಗುತ್ತಲೇ ನಿದ್ದೆ. ಊರಿನ ಮಕ್ಕಳು ಅವನ ಹೆಗಲ ಮೇಲೆ ಕಾಲಿಟ್ಟು ಹುಣಸೆಕಾಯಿ ಕೀಳುತ್ತಿದ್ದವಂತೆ. ಮೊದಲು ರಾತ್ರಿ ಅವನು ಕೆಮ್ಮಿದರೆ ಊರು ನಡುಗುತ್ತಿತ್ತು, ಈಗ ಆ ಕೆಮ್ಮೂ ಇಲ್ಲ.

"ಮದ್ದು ಭಾಳ ಚೆನ್ನಾಗೈತೆ ಅಜ್ಜಿ," ಅಂದ ಗುಳ್ಳಪ್ಪ. "ಆದ್ರೆ ನಂಗೆ ಬ್ಯಾಡ. ಪಂಡಿತ್ರಿಗೆ ಹೇಳ್ಬಿಡು."

ಹೊಂಬಾಳಮ್ಮ ಅವನ ಮುಂದೆ ಎಲ್ಲ ಹೇಳಿಕೊಂಡಳು. ದೆವ್ವದ ಮುಂದೆ ಏನು ನಾಚಿಕೆ? "ಹೇಳಿದ್ರೆ ಅವ್ರು ನೊಂದ್ಕೊತಾರಪ್ಪಾ," ಅಂದಳು.

ಗುಳ್ಳಪ್ಪ ತಲೆ ಕೆರೆದುಕೊಂಡ. "ನಾನೂ ಬದುಕಿದ್ದಾಗ, ಅವ್ರು ನೊಂದ್ಕೊತಾರೆ, ಇವ್ರು ನೊಂದ್ಕೊತಾರೆ ಅಂತ ಹೇಳ್ಬೇಕಾದ್ದನ್ನೆಲ್ಲ ಹೊಟ್ಟೇಲೇ ಇಟ್ಕಂಡೆ ಅಜ್ಜಿ. ಅದಕ್ಕೇ ಇನ್ನೂ ಮರದ ಮ್ಯಾಲಿದೀನಿ."

ಅಷ್ಟು ಹೇಳಿ ಆಕಳಿಸುತ್ತಾ ಮರ ಹತ್ತಿದ. ಹೊಂಬಾಳಮ್ಮ ಎದ್ದು ಮುಖ ತೊಳೆದಳು. ನೆನ್ನೆಯ ಕಷಾಯದ ಬಟ್ಟಲನ್ನು ತುಂಬಿದ ಹಾಗೇ ತಂದು ಜಗಲಿಯ ಮೇಲಿಟ್ಟಳು. ಆ ಬೀದಿಯಲ್ಲಿ ಯಾರೂ ಹಾಗೆ ಇಟ್ಟಿರಲಿಲ್ಲ.

ಪಂಡಿತರು ವಿಷದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಬಂದರು. ಜಗಲಿ ನೋಡಿದರು. ನೋಡಿ ನಿಂತೇಬಿಟ್ಟರು.

"ಈ ಕಷಾಯ ನಂಗೆ ಬ್ಯಾಡ ಸ್ವಾಮಿ," ಅಂದಳು ಹೊಂಬಾಳಮ್ಮ. "ಮೂರು ದಿವ್ಸ ಕುಡಿದೆ, ಆಮ್ಯಾಕೆ ಕುಡಿದಿಲ್ಲ. ಕುಡಿದ್ರೆ ನಮ್ಮೋರು ಕನಸ್ನಲ್ಲಿ ಬರಾಕಿಲ್ಲ."

ಇಷ್ಟು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬೈಗಳು ಬೀಳುತ್ತೆ ಅಂತ ಕಾದಳು. ಬೈಗಳು ಬೀಳಲಿಲ್ಲ. ಪಂಡಿತರು ಮೊದಲು ಆ ವಿಷವನ್ನು ದೂರದಲ್ಲಿ ಗುಂಡಿ ತೋಡಿ ಮುಚ್ಚಿ ಬಂದರು. ಆಮೇಲೆ ಅವಳ ಪಕ್ಕ ಕೂತರು. ಕೊಂದೇಬಿಡುತ್ತಿದ್ದೆನಲ್ಲವ್ವಾ ಅಂದರು, ಮುದುಕಿಯ ಕೈ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡರು. ಆಮೇಲೆ ಹಸಿವು ಎಷ್ಟು, ಬಾಯಾರಿಕೆ ಎಷ್ಟು ಅಂತ ವಿಚಾರಿಸೋ ಹಾಗೆಯೇ ಕೇಳಿದರು:

"ಯಜಮಾನ್ರು ಎಷ್ಟು ಹೊತ್ತಿಗೆ ಬರ್ತಾರೆ?"

"ಕೋಳಿ ಕೂಗೋ ಹೊತ್ಗೆ ಸ್ವಾಮಿ."

ಪಂಡಿತರು ಯೋಚನೆ ಮಾಡಿದರು. ನಿದ್ದೆ ತರೋ ಬೇರನ್ನು ಬಿಟ್ಟು, ಹಿಪ್ಪಲಿ, ಅತಿಮಧುರ, ಜೇನುತುಪ್ಪ ಸೇರಿಸಿ ನೆಕ್ಕೋ ಲೇಹ ಮಾಡಿಕೊಡ್ತೀನಿ ಅಂದರು. "ಆದ್ರೆ ಕೆಮ್ಮು ಪೂರ್ತಿ ಹೋಗಲ್ಲ. ಅರ್ಧ ಹೋಗುತ್ತೆ, ಅರ್ಧ ಉಳಿಯುತ್ತೆ. ಒಪ್ಪಿಗೇನವ್ವಾ?"

"ಅರ್ಧ ಇರ್ಲಿ ಬುಡಿ ಸ್ವಾಮಿ. ಅದೇನು ಹೊಸಬ್ರಲ್ಲ."

ಲೇಹ ನೆಕ್ಕಿ ಮಲಗಿದಳು. ಕೋಳಿ ಕೂಗೋ ಹೊತ್ತಿಗೆ ಗಂಡ ಬಂದ. ಕೊಟ್ಟಿಗೆ ಬಾಗಿಲಲ್ಲಿ ಕೂತ, ರುಮಾಲು ಬಿಚ್ಚಿದ, 'ಎಮ್ಮೆ ಕರ ಹಾಕ್ತೇನಮ್ಮಿ?' ಅಂದ. ಹೊಂಬಾಳಮ್ಮ ಬಾಯಿ ತೆರೆದಳು. ಕೆಮ್ಮು ಬರಲಿಲ್ಲ.

"ಹಾಕ್ತು," ಅಂದಳು. "ಹೆಣ್ಗರ. ನೆತ್ತಿ ಮ್ಯಾಲೆ ಬಿಳೀ ಚುಕ್ಕೆ. ನಿಮ್ಮಂಗೇ ಹಟಮಾರಿ."

ಇಷ್ಟು ವರ್ಷ ಕೇಳಿದ್ದಕ್ಕೆ ಅಂದು ಉತ್ತರ ಸಿಕ್ಕಿ, ಗಂಡ ಮನಸಾರೆ ನಕ್ಕನಂತೆ. ಆಮೇಲೂ ಅವನು ದಿನಾ ಬಂದ, ಹೊಸ ಹೊಸ ಮಾತು ಕೇಳಿದ. ಗುಳ್ಳಪ್ಪನಿಗೂ ಅವನ ಕೆಮ್ಮು ವಾಪಸ್ಸು ಬಂತು. ಪಂಡಿತರು ಮಾತ್ರ ಅಂದಿನಿಂದ ಬೋರಲು ಬಟ್ಟಲಿನ ಮನೆ ದಾಟಿ, ತುಂಬಿದ ಬಟ್ಟಲು ಇಟ್ಟವರ ಜಗಲಿಯಲ್ಲೇ ಮೊದಲು ಕೂರುತ್ತಿದ್ದರು.

ಅವರ ಲೇಹ ಅಲ್ಲಿ ಮುಗೀತು, ನಮ್ಮ ಕಥೆ ಇಲ್ಲಿ ಮುಗೀತು. ರುಚಿಸಿದವರು ಬಟ್ಟಲು ಬೋರಲು ಹಾಕಿ. ರುಚಿಸದವರು ಬಾಯಿಬಿಟ್ಟು ಹೇಳಿ, ನಾನೇನೂ ನೊಂದುಕೊಳ್ಳೋದಿಲ್ಲ.