ಗೆರೆ ಮುಟ್ಟುವಷ್ಟು ಉಸಿರು

"ಗುರುಗಳೇ, ದೇಹವೇ ಕೈಕೊಟ್ಟ ಮೇಲೆ ಮನುಷ್ಯ ತನ್ನ ಕೆಲಸವನ್ನು ಬಿಟ್ಟುಬಿಡುವುದೇ ಮರ್ಯಾದೆಯಲ್ಲವೇ?" ಎಂದು ಮುರಿಗೆಪ್ಪ ಕೇಳಿದ.

ಅವನು ಮಠದ ಸಂಜೆಯ ಪ್ರಾರ್ಥನೆಗೆ ಹಾಡುವವನು. ಎದೆಯ ಬೇನೆಯಿಂದ ಮಲಗಿ ಈಗಷ್ಟೇ ಎದ್ದಿದ್ದ. ಮೊದಲಿನ ಹಾಗೆ ಒಂದೇ ಉಸಿರಿನಲ್ಲಿ ಪದ ಎತ್ತಲು ಆಗುತ್ತಿರಲಿಲ್ಲ. ಇನ್ನು ಹಾಡುವುದಿಲ್ಲವೆಂದು ಏಕತಾರಿಯನ್ನು ತಂದು ಗುರುಗಳ ಮುಂದೆ ಇಟ್ಟಿದ್ದ. ಗುರುಗಳು ಅದನ್ನು ಮುಟ್ಟಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಕಬಡ್ಡಿ ಆಟಗಾರನಿದ್ದ. ಆಟವೇ ಅವನ ಹೊಟ್ಟೆಪಾಡು. ಕಬಡ್ಡಿ ಎಂದರೆ ಉಸಿರಿನ ಆಟ. 'ಕಬಡ್ಡಿ ಕಬಡ್ಡಿ' ಎನ್ನುತ್ತ ಎದುರಾಳಿಗಳ ಅಂಕಣಕ್ಕೆ ನುಗ್ಗಬೇಕು, ಸಿಕ್ಕವರನ್ನು ಮುಟ್ಟಬೇಕು, ಉಸಿರು ತುಂಡಾಗುವ ಮೊದಲು ನಡುಗೆರೆಗೆ ಮರಳಬೇಕು. ಇವನೋ ಅವರ ಅಂಕಣದ ತುದಿಯ ಹಿಂದಿನ ಗೆರೆಯ ತನಕ ಹೋಗಿ, ಅಲ್ಲಿ ನಿಂತು ಎದುರಾಳಿಗಳ ಮುಖ ನೋಡಿ ಹುಬ್ಬು ಕುಣಿಸಿ, ಆಮೇಲೆ ಬರುತ್ತಿದ್ದ. ಅಷ್ಟು ಉಸಿರು, ಅಷ್ಟೇ ಸೊಕ್ಕು.

ಒಂದು ದಿನ ಅವನು ಕೆಮ್ಮಿದಾಗ ರಕ್ತ ಬಂತು. ಶ್ವಾಸಕೋಶದಲ್ಲಿ ಗಡ್ಡೆ ಎಂದರು ವೈದ್ಯರು. ಕೊಯ್ದು ತೆಗೆಯಬೇಕು, ತೆಗೆದ ಮೇಲೆ ಆಟ ಮುಗಿದ ಹಾಗೆ ಎಂದರು. ಅಂತಿಮ ಪಂದ್ಯ ಹತ್ತಿರವಿತ್ತು. ಅದೊಂದನ್ನು ಆಡಿ ಬರುತ್ತೇನೆ ಎಂದ. ಬೇಡವೆಂದರೂ ಕೇಳಲಿಲ್ಲ. ಅಂಕಣದಿಂದ ತನ್ನ ಕಾಲ ಮೇಲೆ ಹೊರಗೆ ಬರಬೇಕು, ಬೆಂಚಿನ ಮೇಲೆ ಕೂತು ಮುಗಿದುಹೋಗಬಾರದು ಎಂಬುದು ಅವನ ಹಟ.

ಪಂದ್ಯದ ದಿನ ಹಳೆಯ ಚಟ ಬಿಡಲಿಲ್ಲ. ಮೊದಲ ಸಲವೇ ಹಿಂದಿನ ಗೆರೆಯ ತನಕ ನುಗ್ಗಿದ. ನಡುವೆಯೇ ಉಸಿರು ತುಂಡಾಯಿತು, ಔಟಾದ. ಮರಳಿ ಒಳಗೆ ಬಂದವನು ಇನ್ನೊಮ್ಮೆ ನುಗ್ಗಿದ. ಆಗಲೂ ಅದೇ ಗತಿ. ಜನ 'ಪಾಪ' ಎಂದರು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದ. ಆ 'ಪಾಪ' ಅವನಿಗೆ ರೋಗಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಅವನ ತಂಡ ಒಂದು ಅಂಕ ಹಿಂದಿದ್ದಾಗ ಕೊನೆಯ ಸರದಿ ಬಂತು. ಮತ್ತೆ ಅವನೇ ಎದ್ದ. ತರಬೇತುದಾರ ಕೈ ಹಿಡಿದ.

"ತಮ್ಮಾ, ಸಾಕು, ನೀ ಕುಂದರು. ಆಟ ಹೋದ್ರ ಹೋಗಲಿ, ಜೀವ ಒಂದ ಐತಿ."

"ಸರ, ಇಷ್ಟು ದಿನ ಉಸಿರು ಎಷ್ಟೈತಿ ಅಂತ ನೋಡದನ ಖರ್ಚು ಮಾಡಿದೆ. ಈಗ ಎಷ್ಟೈತಿ ಅಂತ ಗೊತ್ತಾಗೇತಿ. ಅಷ್ಟರಾಗ ಆಡತೇನಿ, ಬಿಡ್ರಿ."

ತರಬೇತುದಾರ ಕೈ ಬಿಟ್ಟ.

ಎದುರಾಳಿಗಳು ಸುಮ್ಮನೆ ಹಿಂದೆ ಸರಿದು ನಿಂತರು. ಅವನ ಉಸಿರೇ ಅವನನ್ನು ಔಟ್ ಮಾಡುತ್ತದೆ, ನಾವೇಕೆ ಮೈ ನೋಯಿಸಿಕೊಳ್ಳಬೇಕು ಎಂಬುದು ಅವರ ಎಣಿಕೆ. ಎಣಿಕೆಯೇನೋ ಸರಿಯಾಗಿಯೇ ಇತ್ತು. ಆದರೆ ಆಟಗಾರ ಈ ಸಲ ಹಿಂದಿನ ಗೆರೆಯ ಕಡೆ ತಿರುಗಿಯೂ ನೋಡಲಿಲ್ಲ. ನಡುಗೆರೆಯ ಹತ್ತಿರವೇ ಸುಳಿದಾಡಿದ. ಕೂಗು ಹಾಕಲಿಲ್ಲ, ಸಣ್ಣ ದನಿಯಲ್ಲಿ 'ಕಬಡ್ಡಿ ಕಬಡ್ಡಿ' ಎನ್ನುತ್ತಿದ್ದ. ತೀರ್ಪುಗಾರ ಬಗ್ಗಿ ಕಿವಿಗೊಡಬೇಕಾಯಿತು.

ಎದುರು ತಂಡದ ನಾಯಕ ವರ್ಷಗಟ್ಟಲೆ ಇವನ ಹುಬ್ಬಿನ ಕುಣಿತ ನೋಡಿ ಹೊಟ್ಟೆ ಉರಿಸಿಕೊಂಡವನು. ಸುಮ್ಮನೆ ನಿಂತಿದ್ದರೆ ಗೆಲ್ಲುತ್ತಿದ್ದ. ಆದರೆ ಇವನು ತಾನಾಗಿ ಔಟಾಗುವುದು ಬೇರೆ, ತನ್ನ ಕೈಯಲ್ಲಿ ಕೆಳಗೆ ಬೀಳುವುದು ಬೇರೆ. ದನಿ ಇನ್ನಷ್ಟು ಕುಗ್ಗಿದ್ದನ್ನು ಕೇಳಿದ. ಆಟಗಾರ ಹುಬ್ಬು ಕುಣಿಸಿದ್ದನ್ನೂ ನೋಡಿದ. ತಡೆದುಕೊಳ್ಳಲಾಗಲಿಲ್ಲ. ಪಕ್ಕದವನ ಕೈ ಹಿಡಿದಿದ್ದವನು ಅವನನ್ನೂ ಎಳೆದುಕೊಂಡು ಬಂದು ಮೈಮೇಲೆ ಬಿದ್ದ. ಇಬ್ಬರೂ ಸೊಂಟ ಹಿಡಿದು ಕೆಡವಿದರು.

ಆಟಗಾರನ ಬಾಯಿಗೆ ಮಣ್ಣು ಹೋಯಿತು. ಎದೆಯೊಳಗೆ ಬೆಂಕಿ ಇಟ್ಟ ಹಾಗಾಯಿತು. ಆದರೂ ಅವನಿಗೆ ಗೊತ್ತಿತ್ತು, ಇನ್ನೂ ಸ್ವಲ್ಪ ಇದೆ. ಆ ಸ್ವಲ್ಪದಲ್ಲೇ ತೆವಳಿದ, ಕೈ ಚಾಚಿದ. ಬೆರಳು ನಡುಗೆರೆ ದಾಟಿದಾಗ ತುಟಿಯ ಮೇಲೆ 'ಕಬಡ್ಡಿ' ಇನ್ನೂ ಇತ್ತು. ತೀರ್ಪುಗಾರ ಅವನ ಬಾಯಿಯ ಹತ್ತಿರ ಕಿವಿಯಿಟ್ಟು ಕೇಳಿ ಎದ್ದು ಎರಡು ಬೆರಳು ಎತ್ತಿದ. ಹಿಡಿಯಲು ಬಂದ ಇಬ್ಬರೂ ಔಟ್, ಎರಡು ಅಂಕ, ಪಂದ್ಯ ಇವನ ತಂಡಕ್ಕೆ.

ಮೈದಾನಕ್ಕೆ ಮೈದಾನವೇ ಕೂಗಿತು. 'ಪಾಪ' ಎಂದವರೇ ಮೊದಲು ಕುಣಿದರು. ಎದ್ದು ನಗುವಷ್ಟು ಉಸಿರು ಅವನಲ್ಲಿ ಉಳಿದಿರಲಿಲ್ಲ, ಮಲಗಿಕೊಂಡೇ ನಕ್ಕ. ಅಷ್ಟು ಸಂತೋಷವನ್ನು ಅವನು ಆರೋಗ್ಯವಾಗಿದ್ದಾಗಲೂ ಕಂಡಿರಲಿಲ್ಲ. ತಂಡದವರು ಎತ್ತಲು ಬಂದರೆ ಬೇಡವೆಂದ. ನಿಧಾನವಾಗಿ ಎದ್ದು ಅಂಕಣದ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು ತನ್ನ ಕಾಲ ಮೇಲೆ ನಡೆದು ಹೊರಗೆ ಬಂದ. ಮರುದಿನ ಆಸ್ಪತ್ರೆಗೂ ಹಾಗೆಯೇ ನಡೆದು ಹೋದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮುರಿಗೆಪ್ಪನಿಗೆ ಸಮಾಧಾನವಾಗಲಿಲ್ಲ.

"ಆಮೇಲೆ ಅವನು ಬದುಕಿದನೇ, ಗುರುಗಳೇ? ಎಷ್ಟಾದರೂ ಮುಗಿಯುತ್ತ ಬಂದ ಉಸಿರಲ್ಲವೇ ಅವನದು?"

ಗುರುಗಳು ಏಕತಾರಿಯನ್ನು ಎತ್ತಿ ಅವನ ಮಡಿಲಿಗೆ ಇಟ್ಟರು. ಅವರು ಹೇಳಿದ್ದು ಇಷ್ಟೇ:

"ಆ ಮೈದಾನದಲ್ಲಿ ಮುಗಿಯದ ಉಸಿರು ಯಾರದಿತ್ತು ಮುರಿಗೆಪ್ಪ? ಮುಗಿಯುತ್ತದೆಂದು ತಿಳಿದು ಆಡಿದವನು ಅವನೊಬ್ಬನೇ."