ಅರಿಶಿಣ ಹತ್ತಿದ ಪುಟಗಳು

ಆ ಕಾಲಕ್ಕೆ ನಮ್ಮೂರ ಶಾಲೆಯಂಥ ಗ್ರಂಥಾಲಯ ಸುತ್ತಲ ಏಳು ತಾಲೂಕಿನಲ್ಲಿ ಇರಲಿಲ್ಲ. ಒಂದು ಬೀರು, ಅದರಲ್ಲಿ ಹನ್ನೊಂದು ಪುಸ್ತಕ! ಉಳಿದ ಶಾಲೆಗಳಲ್ಲಿ ಪುಸ್ತಕಗಳು ತಪಾಸಣೆಯ ದಿನವಷ್ಟೇ ಬೆಳಕು ಕಾಣುತ್ತಿದ್ದವು. ನಮ್ಮ ಚನ್ನವೀರ ಮಾಸ್ತರರು ಮಾತ್ರ ಅವನ್ನು ಮಕ್ಕಳ ಕೈಗೆ ಕೊಟ್ಟು ಮನೆಗೆ ಕಳಿಸುತ್ತಿದ್ದರು.

ಒಮ್ಮೆ ತಪಾಸಣೆಗೆ ಬಂದ ಸಾಹೇಬರು ಬೀರು ತೆಗೆದು, ಪುಟಗಳ ಮೇಲಿನ ಕಲೆ ಕಂಡವರೇ ಕೆಂಡವಾದರು.

"ಏನ್ರೀ ಮಾಸ್ತರ, ಇವು ಪುಸ್ತಕನೋ, ಒಲಿ ಒರಸೋ ಅರಿವಿನೋ? ನಾಳೆನ ನಿಮ್ಮನ್ನ ಎತ್ತಂಗಡಿ ಮಾಡಸ್ತೀನಿ!"

ಮಾಸ್ತರರು ಮಕ್ಕಳ ಕಡೆ ನೋಡಿದರು. ಈ ಮಕ್ಕಳನ್ನು ಬಿಟ್ಟು ಎಲ್ಲಿಗೆ ಹೋಗುವುದು? ಆದರೂ ತಣ್ಣಗೆ ಹೇಳಿದರು.

"ಅದು ಹೊಲಸಲ್ರಿ ಸಾಹೇಬ್ರ, ಓದಿದವರ ಸಹಿ. ಈ ಅರಿಶಿಣ ಗೌರವ್ವಂದು, ಒಲಿ ಮುಂದ ಕೂತು ಓದ್ಯಾಳ. ಈ ಸೆಗಣಿ ಬೆರಳು ನೀಲವ್ವಂದು. ಎಮ್ಮಿ ಹೊಟ್ಟಿ ಉಬ್ಬಿದಾಗ ಮದ್ದು ಹುಡುಕ್ಯಾಳ."

ಸಾಹೇಬರು ನಂಬದೆ ಮಕ್ಕಳ ಸಾಲಿನಲ್ಲಿದ್ದ ನೀಲವ್ವನನ್ನು ಕರೆದರು. ಅವಳು ಹೊಟ್ಟೆಯುಬ್ಬರದ ಕಾರಣ, ಮದ್ದು, ಎಮ್ಮೆ ಎದ್ದು ನಿಂತ ಹೊತ್ತು, ಎಲ್ಲವನ್ನೂ ಪುಟಸಂಖ್ಯೆ ಸಮೇತ ಪಟಪಟನೆ ಹೇಳಿದಳು.

ಸಾಹೇಬರು ಸೋಲೊಪ್ಪಲಿಲ್ಲ. ಮಿರಮಿರ ಮಿಂಚುವ ಪುಸ್ತಕವೊಂದನ್ನು ಹೆಸರೂ ನೋಡದೆ ಎತ್ತಿ ಹಿಡಿದರು. "ನೋಡ್ರಿ, ಪುಸ್ತಕ ಅಂದ್ರ ಹಿಂಗ ಇಡಬೇಕು!"

"ಅದು ತಾವ ಬರೆದದ್ರಿ," ಎಂದರು ಮಾಸ್ತರರು, ತಲೆ ತಗ್ಗಿಸಿ. "'ಮಕ್ಕಳಿಗೆ ಓದಿನ ಹುಚ್ಚು ಹಿಡಿಸುವುದು ಹೇಗೆ'."

ಸಾಹೇಬರು ಮುಖಪುಟದ ಮೇಲಿನ ತಮ್ಮ ಹೆಸರನ್ನೇ ನೋಡುತ್ತ ನಿಂತರು. ಆಮೇಲೆ ಚಹಾದ ಜೊತೆ ಬಂದಿದ್ದ ಮಿರ್ಚಿ ಭಜಿಯನ್ನು ಹಿಸುಕಿ, ಎಣ್ಣೆಯ ಹೆಬ್ಬೆರಳನ್ನು ಮೊದಲ ಪುಟಕ್ಕೆ ಒತ್ತಿದರು.

"ಎತ್ತಂಗಡಿ ಏನಿಲ್ಲ, ಬಿಡ್ರಿ. ಇದನ್ನೂ ಒಬ್ಬಾಂವ ಓದ್ಯಾನ ಅಂತ ಬರಕೊಳ್ರಿ, ಮಾಸ್ತರ."