ದಾರಿ ಕೇಳುವ ತಾಲೀಮು

ನಾನು ಮೊದಲ ಸಲ ಮನೆ ಬಿಟ್ಟು ಹೊರಟದ್ದು ಕಾರ ಹುಣ್ಣಿಮೆಯ ದಿನ. ಊರವರೆಲ್ಲ ಎತ್ತುಗಳ ಹಿಂದೆ ಓಡುತ್ತಿದ್ದರು. ನಾನು ಶಾಲೆಯ ಪಾಟಿ ಕಟ್ಟೆಯ ಮೇಲಿಟ್ಟು ಇನ್ನೊಂದು ದಿಕ್ಕಿಗೆ ನಡೆದೆ. ಅವತ್ತಿನಿಂದ ಊರೂರು ಅಲೆದೆ. ಯಾರನ್ನೂ ದಾರಿ ಕೇಳಿದವನಲ್ಲ.

ತಲೆ ನರೆತ ಮೇಲೆ ದಾರಿಗಳು ಕೈಬಿಡತೊಡಗಿದವು. ನಿನ್ನೆ ಉಂಡ ಮನೆ ಇವತ್ತು ಸಿಗುತ್ತಿರಲಿಲ್ಲ. ಹೆದರಿ, ಮಲಪ್ರಭೆಯ ದಂಡೆಯ ಚನ್ನವೀರಜ್ಜಾರ ಆಶ್ರಮಕ್ಕೆ ಬಂದೆ. ಮರೆವು ಹತ್ತಿದ ಮುದುಕರಿಗೆ ಅವರು ನೆನಪಿನ ತಾಲೀಮು ಕೊಡುತ್ತಾರೆಂದು ಕೇಳಿದ್ದೆ.

"ಏನ್ ಬೇಕಪಾ?"

"ಮರೀಬಾರದ್ರಿ ಅಜ್ಜಾರ. ನಡಿಯೂದು ಬಿಟ್ರ ನನಗ ಬ್ಯಾರೆ ಬದುಕಿಲ್ಲ."

"ಕುಂದ್ರು."

ಮುಂಜಾನೆ ಮೊರದಲ್ಲಿ ಕಾಳು ಹರಡಿಡುತ್ತಿದ್ದರು. ಕಡಲೆ, ಅಗಸೆ, ಕುಸುಬೆ, ಹುರುಳಿ, ಇನ್ನೂ ಏನೇನೋ. ಒಮ್ಮೆ ನೋಡಿದ ಮೇಲೆ ಅರಿವೆ ಮುಚ್ಚುವರು. ಕಂಡದ್ದನ್ನೆಲ್ಲ ಹೇಳಬೇಕು.

ಪಕ್ಕದಲ್ಲಿ ಕೂರುತ್ತಿದ್ದ ಕಾಶವ್ವ ದಿನವೂ ಕಡಲೆಯ ಹತ್ತಿರವೇ ನಿಲ್ಲುತ್ತಿದ್ದಳು. "ಹೋಳಿಗಿಗೆ ಕಡ್ಲಿ ಸಾಕು, ಉಳಿದದ್ದು ನನಗ್ಯಾಕ್ರಿ?" ಎಂದು ಬೊಚ್ಚುಬಾಯಲ್ಲಿ ನಗುವಳು.

ನಾನು ಹಠಕ್ಕೆ ಬಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಕಾಳೂ ತಪ್ಪುತ್ತಿರಲಿಲ್ಲ.

"ಅಜ್ಜಾರ, ನನ್ನ ಮರೆವು ಹೋತು!"

"ಮೊರದಾಗಿಂದು ಹೋತು" ಎಂದರು.

ಆ ಮಾತು ನನಗೆ ಹಿಡಿಸಲಿಲ್ಲ. ಮರುದಿನ ಗಂಟು ಹೆಗಲಿಗೇರಿಸಿ ಒಬ್ಬನೇ ಸಂತೆಗೆ ಹೋದೆ.

ತಿರುಗಿ ಬರುವಾಗ ಒಂದು ಬೇವಿನ ಮರ, ಅದರ ಆಚೀಚೆ ಎರಡು ದಾರಿ. ಎರಡನ್ನೂ ಹಿಂದೆ ಕಂಡೇ ಇರಲಿಲ್ಲ ಅನಿಸಿತು. ಕಾಳುಗಳ ಹೆಸರು ಹೇಳಿಕೊಂಡೆ. ಎಲ್ಲ ಬಾಯಿಗೆ ಬಂದವು. ಆಶ್ರಮ ಯಾವ ಕಡೆ ಎಂಬುದು ಮಾತ್ರ ಬರಲಿಲ್ಲ.

ಸಂತೆಯ ಜನ ಹಾದುಹೋದರು. ಹೊರಟವನನ್ನು 'ಎಲ್ಲಿಗೆ' ಎಂದು ಕೇಳುವುದು ನಮ್ಮ ಕಡೆ ಅಪಶಕುನ. ಹೆಗಲ ಮೇಲಿನ ಗಂಟು ನೋಡಿ ಯಾರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ದಾರಿ ಖಾಲಿಯಾಯಿತು. ಮರದ ಬುಡದಲ್ಲೇ ಕೂತೆ.

ಹೊತ್ತು ಮುಳುಗುವಾಗ ಅಜ್ಜಾರು ಕೋಲೂರಿಕೊಂಡು ಹುಡುಕುತ್ತ ಬಂದರು.

"ಯಾಕ ಕುಂತಿ?"

"ನೆರಳಿಗ್ರಿ."

"ಸೂರ್ಯಾನ ಹೋದ. ಯಾವ ನೆರಳೋ?"

ಅಳು ಬಂತು. "ದಾರಿ ಗೊತ್ತಾಗವಲ್ತ್ರಿ."

"ಮಂದಿ ಹಾದುಹೋಗಲಿಲ್ಲೇನು?"

"ಸಂತಿಗೆ ಸಂತೀನ ಹೋತು."

"ಒಬ್ಬರನ್ನರೆ ಕೇಳಿದ್ಯಾ?"

ನಾನು ಗಂಟು ಎತ್ತಿಕೊಂಡು ಎದ್ದೆ.

"ನಾಳಿಂದ ನಿನಗ ಮೊರ ಇಲ್ಲ. ಊರಾಗ ಹೋಗು. ಗೊತ್ತಿದ್ರೂ ಸೈ, ಇಲ್ಲದಿದ್ರೂ ಸೈ, 'ನಾ ಮರೀತೀನಿ, ಆಶ್ರಮ ಎತ್ತಾಗ?' ಅಂತ ಕೇಳ್ಕೋತನ ಬಾ."

ಮೊದಲ ದಿನ ಎದುರಾದವರನ್ನೆಲ್ಲ ದಾಟಿಕೊಂಡೇ ಹೋದೆ. ಆಮೇಲೆ ಹೇಗೋ ಕೇಳಿದೆ. ಹಿಟ್ಟಿನ ಗಿರಣಿಯ ಹೆಂಗಸು, "ನಿನ್ನಿ ಹೇಳೀನಲ್ಲೋ ಮುದುಕಾ, ತಲಿಯಾಗ ಹೊಟ್ಟು ತುಂಬೇತೇನು?" ಎಂದು ಬೈದಳು. ಬೈದರೂ ಕೈಯೆತ್ತಿ ತೋರಿಸಿದಳು. ಬರಬರುತ್ತ ನಾನು ಬಾಯಿ ತೆರೆಯುವ ಮೊದಲೇ ಅವಳ ಕೈ ಏಳುತ್ತಿತ್ತು.

ಮರೆವು ಹೋಗಲಿಲ್ಲ. ಒಂದು ದಿನ ಅಜ್ಜಾರ ಹೆಸರೇ ಬರಲಿಲ್ಲ. 'ಹೊಳಿ ದಂಡಿ ಮುದುಕರು' ಅಂದೆ. ದಾರಿ ಸಿಕ್ಕಿತು.

ಎಳ್ಳಮವಾಸ್ಯೆ ಕಳೆದದ್ದೇ ಕಾಲು ಒಂದೆಡೆ ನಿಲ್ಲದಾದವು, ಮತ್ತೆ ಊರೂರು ಅಲೆಯಬೇಕೆನಿಸಿತು. ಧೋತರ, ಚಾದರ, ತಂಬಿಗೆ ಸೇರಿಸಿ ಗಂಟು ಕಟ್ಟಲು ಕೂತೆ. ಎಷ್ಟು ಸಲ ಸುತ್ತಿದರೂ ಗಂಟು ಬೀಳಲೊಲ್ಲದು.

"ಅಜ್ಜಾರ, ದಾರಿ ಮರೆತರ ಕೇಳ್ತೀನಿ. ಊರು ಮರೆತರೂ ಕೇಳ್ತೀನಿ. ಒಂದಿನ ನನ್ನ ಹೆಸರ ಮರೆತರ?"

ಅಜ್ಜಾರು ಬಾಗಿ ಗಂಟನ್ನು ತಾವೇ ಬಿಗಿದು ನನ್ನ ಹೆಗಲಿಗಿಟ್ಟರು.

"ಅದನ್ನೇನ್ ನೀನ ಇಟ್ಕೊಂಡಿದ್ದೇನ, ದುಂಡಪ್ಪಾ? ಆಗೂ ಮಂದೀನ ಇಟ್ಟಿದ್ರು. ಮುಂದೂ ಏನರೆ ಅಂತ ಕರೀತಾರ. ಓ ಅನ್ನು."